ಟೈರ್ ಪ್ರೆಷರ್ ಸೆನ್ಸರ್ ಬದಲಾಯಿಸಿದ ಕಥೆ: 19 ಸಾವಿರದ ಎಸ್ಟಿಮೇಟು, 7,400ಕ್ಕೆ ಕೆಲ್ಸ

ನಮ್ದು 2018ರ ಮಾಡಲ್ ಗಾಡಿ, ಚಿಕ್ಕ ಎಸ್‌ಯುವಿ, ಟಾಪ್ ಎಂಡ್ ತಗೊಂಡಿದ್ದಕ್ಕೆ ಟೈರ್ ಪ್ರೆಷರ್ ತೋರ್ಸೋ ಸಿಸ್ಟಮ್ಮೂ (ಟಿಪಿಎಂಎಸ್ ಅಂತಾರೆ) ಜೊತೆಗೇ ಬಂದಿತ್ತು. ಇದರ ಸೆನ್ಸರ್‌ಗಳಿಗೆ ಆಯಸ್ಸು ಅಂತ ಒಂದಿದೆ, ಅದು ಮುಗಿದ್ಮೇಲೆ ಒಂದೊಂದೇ ಕೈಕೊಡುತ್ತೆ ಅಂತ ಗಾಡಿ ಮಾರುವಾಗ ಯಾರೂ ಹೇಳಲ್ಲ. ನಮ್ದು ಕೈಕೊಡೋಕೆ ಶುರುವಾಗಿ, ಅಲ್ಲಿ ಇಲ್ಲಿ ಅಲೆದು, ಮೊನ್ನೆ ತಾನೇ ಕೆಲ್ಸ ಮುಗಿಸ್ಕೊಂಡು ಬಂದಿದೀನಿ. ಮೈಸೂರು ಮಂಡ್ಯ ಕಡೆ ಇದರ ಬಗ್ಗೆ ಸರಿಯಾಗಿ ಹೇಳೋರು ಸಿಗೋದು ಕಷ್ಟ, ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಅದಕ್ಕೇ ಆದಿದ್ದೆಲ್ಲ ಆದಂಗೇ ಬರೀತಿದೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ.

ಮೊದ್ಲು ಶುರುವಾಗಿದ್ದು ಚಳಿಗಾಲದಲ್ಲಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ್ರೆ ಮೀಟರಲ್ಲಿ ಆ ಹಳದಿ ಲೈಟು ಒಂದು ನಿಮಿಷದಷ್ಟು ಮಿಣ ಮಿಣ ಅಂದು ಆಮೇಲೆ ಹಂಗೇ ನಿಂತ್ಕೊಳೋದು, ಮಧ್ಯಾಹ್ನ ಬಿಸಿಲೇರಿದ್ಮೇಲೆ ಸ್ಟಾರ್ಟ್ ಮಾಡಿದ್ರೆ ಲೈಟೇ ಇಲ್ಲ. ಗಾಳಿ ಕಮ್ಮಿ ಇರ್ಬೇಕು ಅಂತ ಬಂಕಲ್ಲಿ ನಾಲ್ಕಕ್ಕೂ 33 ಪಿಎಸ್‌ಐ ಹಾಕಿಸಿದ್ರೂ ಮಾರನೇ ದಿನ ಅದೇ ಕಥೆ. ಇಲ್ಲೊಂದು ವಿಷ್ಯ ತಿಳ್ಕೊಳ್ಳಿ, ಲೈಟು ಬಂದಾಗಿಂದ ಅಲುಗಾಡದೆ ಉರೀತಿದ್ರೆ ಯಾವ್ದೋ ಟೈರಲ್ಲಿ ಗಾಳಿ ನಿಜವಾಗ್ಲೂ ಕಮ್ಮಿ ಇದೆ ಅಂತ, ಮೊದ್ಲು ಮಿಣುಕಿ ಆಮೇಲೆ ನಿಂತ್ರೆ ಸಿಸ್ಟಮ್‌ನಲ್ಲೇ ಏನೋ ಕೆಟ್ಟಿದೆ ಅಂತ. ಇದು ಗೊತ್ತಿಲ್ದೆ ಎಷ್ಟೋ ಜನ ಲೈಟ್ ಬಂತು ಅಂತ ಗಾಳಿ ಮೇಲೆ ಗಾಳಿ ಹಾಕಿಸಿ 40 ಮಾಡ್ಕೊಂಡು ಓಡಾಡ್ತಿರ್ತಾರೆ. ನಮ್ ಗಾಡಿಯಲ್ಲಿ ಒಂದೊಂದು ಟೈರಿಂದು ಬೇರೆ ಬೇರೆ ತೋರ್ಸುತ್ತೆ, ಹಿಂದಿನ ಎಡಗಡೆ ಜಾಗದಲ್ಲಿ ನಂಬರ್ ಬದ್ಲು ಎರಡು ಅಡ್ಡಗೆರೆ ಬರ್ತಿತ್ತು. ಒಂದು ತಿಂಗಳು ಕಳೆಯೋದ್ರೊಳಗೆ ಹಿಂದಿನ ಬಲಗಡೆಗೂ ಅದೇ ಗತಿ.

ನಮ್ಮನೆಯವ್ರು ಹೇಳಿದ್ದು, "ಆ ಲೈಟಿನ ಮೇಲೊಂದು ಸ್ಟಿಕ್ಕರ್ ಅಂಟ್ಸಿ ಆರಾಮಾಗಿರಿ, ಮೊದ್ಲೆಲ್ಲ ಏನ್ ಸೆನ್ಸರ್ ಇಟ್ಕೊಂಡು ಗಾಡಿ ಓಡಿಸ್ತಿದ್ರಾ" ಅಂತ. ಮಾತು ಸರಿನೇ, ಸೆನ್ಸರ್ ಇಲ್ದಿದ್ರೆ ಗಾಡಿ ಏನ್ ನಿಲ್ಲಲ್ಲ. ಆದ್ರೆ ನಾನು ಮೈಸೂರಿನ ವಿಜಯನಗರದಿಂದ ಮಂಡ್ಯಕ್ಕೆ ದಿನಾ ಅಪ್ ಅಂಡ್ ಡೌನ್ ಮಾಡೋನು, 2023ರಲ್ಲಿ ಹೊಸ ಹೈವೇ ಆದ್ಮೇಲೆ ನೂರರಲ್ಲಿ ಹೋಗ್ತಿರ್ತೀವಿ, ಆ ಸ್ಪೀಡಲ್ಲಿ ಹಿಂದಿನ ಟೈರ್ ಸ್ವಲ್ಪ ಸ್ವಲ್ಪವಾಗಿ ಇಳೀತಿದ್ರೆ ಸ್ಟೇರಿಂಗಲ್ಲಿ ಅಷ್ಟು ಬೇಗ ಗೊತ್ತಾಗಲ್ಲ. ಹಿಂದೆ ಒಂದ್ಸಲ ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಇದೇ ಸೆನ್ಸರ್ 24 ತೋರ್ಸಿ ಕೂಗಿತ್ತು, ಇಳಿದು ನೋಡಿದ್ರೆ ಮೊಳೆ. ಆವತ್ತಿಂದ ನಂಗೆ ಇದು ಬೇಕೇ ಬೇಕು ಅನ್ನಿಸ್ಬಿಟ್ಟಿದೆ.

ಈ ಸೆನ್ಸರ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ಇದು ಗೊತ್ತಿದ್ರೆ ಅಂಗಡಿಯಲ್ಲಿ ಯಾರೂ ಕಿವಿಗೆ ಹೂವ ಇಡೋಕಾಗಲ್ಲ. ಟೈರ್ ಒಳಗಡೆ, ಗಾಳಿ ಹಾಕೋ ವಾಲ್ವ್‌ನ ಬುಡಕ್ಕೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಸ್ಕ್ರೂ ಹಾಕಿ ಕೂರಿಸಿರ್ತಾರೆ. ಅದರೊಳಗೆ 3 ವೋಲ್ಟ್‌ನ ಲೀಥಿಯಂ ಸೆಲ್ಲು, ಒಂದು ಪ್ರೆಷರ್ ಚಿಪ್ಪು, ಒಂದು ಪುಟ್ಟ ರೇಡಿಯೋ. ಗಾಡಿ ಓಡುವಾಗ ಆಗಾಗ ಪ್ರೆಷರ್ ಎಷ್ಟು, ಒಳಗೆ ಎಷ್ಟು ಬಿಸಿ ಇದೆ ಅಂತ ರೇಡಿಯೋದಲ್ಲಿ ಹೇಳ್ತಿರುತ್ತೆ, ಜೊತೆಗೆ ತನ್ನ ಐಡಿ ನಂಬರ್ರೂ ಹೇಳುತ್ತೆ. ಗಾಡಿಯ ಕಂಪ್ಯೂಟರಲ್ಲಿ ಆ ನಾಲ್ಕು ಐಡಿ ಬರೆದಿರುತ್ತೆ, ಅದು ಬಿಟ್ಟು ಬೇರೆ ಯಾರು ಕೂಗಿದ್ರೂ ಕೇಳಿಸ್ಕೊಳಲ್ಲ. ಸೆಲ್ಲು ಐದರಿಂದ ಹತ್ತು ವರ್ಷ ಬರುತ್ತೆ, ಚಳಿಯಲ್ಲಿ ಹಳೇ ಸೆಲ್ಲಿಗೆ ಶಕ್ತಿ ಇರಲ್ಲ, ಬೆಳಿಗ್ಗೆ ಮಾತ್ರ ಲೈಟ್ ಬರ್ತಿದ್ದಿದ್ದು ಅದಕ್ಕೇ.

ಎಲ್ಲ ಗಾಡಿಯಲ್ಲೂ ಹಿಂಗಿರಲ್ಲ. ಕೆಲವದರಲ್ಲಿ ಟೈರ್ ಒಳಗೆ ಏನೂ ಇರಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳೋ ಸಿಸ್ಟಮ್) ಸೆನ್ಸರ್ ನೋಡ್ಕೊಂಡು ಯಾವ ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗ್ತಿದೆ ಅಂತ ಲೆಕ್ಕ ಹಾಕಿ ಲೈಟ್ ಹಾಕುತ್ತೆ. ನಿಮ್ ಗಾಡಿ ಪ್ರತಿ ಟೈರಿಂದೂ ಪಿಎಸ್‌ಐ ನಂಬರ್ ತೋರ್ಸ್ತಿಲ್ಲ, ಬರೀ ಲೈಟ್ ಬರುತ್ತೆ ಅಂದ್ರೆ ಅದೇ ಇರ್ಬೋದು, ಮ್ಯಾನ್ಯುಯಲ್ ತೆಗೆದು ನೋಡಿ. ಆ ಥರದ್ದಾದ್ರೆ ಗಾಳಿ ಸರಿ ಮಾಡಿ ರೀಸೆಟ್ ಒತ್ತಿದ್ರೆ ಸಾಕು, ಮುಂದಕ್ಕೆ ಓದೋದೇ ಬೇಡ.

ಸರಿ, ಮೊದ್ಲು ಹೋಗಿದ್ದು ಕಂಪನಿ ಸರ್ವೀಸ್ ಸೆಂಟರಿಗೆ. ಹೆಸರು ಬೇಡ. ಬೆಳಿಗ್ಗೆ ಗಾಡಿ ಬಿಟ್ಟು, ಎಸಿ ರೂಮಲ್ಲಿ ಟೀವಿ ನೋಡ್ಕೊಂಡು, ಅವ್ರು ಕೊಟ್ಟ ಕಾಫಿ ಕುಡಿದು, ಊಟದ ಹೊತ್ತಾದ್ರೂ ಕರೀಲಿಲ್ಲ. ಆಮೇಲೆ ಅಡ್ವೈಸರ್ ಹುಡುಗ ಟ್ಯಾಬ್ ಹಿಡ್ಕೊಂಡು ಬಂದ, "ಸರ್, ಎರಡು ಡೆಡ್ ಆಗಿದೆ, ನಾಲ್ಕೂ ಒಟ್ಟಿಗೆ ಹಾಕ್ಸಿಬಿಡಿ ಸರ್" ಅಂದ. ಎಸ್ಟಿಮೇಟು: ಒಂದೊಂದು ಸೆನ್ಸರ್ 4,100, ಬಿಚ್ಚಿ ಹಾಕೋದು, ಬ್ಯಾಲೆನ್ಸಿಂಗ್, ಪ್ರೋಗ್ರಾಮಿಂಗ್ ಅಂತ ಮೂರು ಸಾವಿರ, ಒಟ್ಟು 19,400. ಅದೂ ಸ್ಟಾಕ್ ಇಲ್ಲ, ಅರ್ಧ ದುಡ್ಡು ಅಡ್ವಾನ್ಸ್ ಕಟ್ಟಿದ್ರೆ ಆರ್ಡರ್ ಹಾಕ್ತೀವಿ, ಯಾವಾಗ ಬರುತ್ತೆ ಅಂತ ಗ್ಯಾರಂಟಿ ಕೊಡಕಾಗಲ್ಲ. ಎರಡೇ ಹಾಕಿ ಅಂದ್ರೆ "ಹಾಕ್ತೀವಿ ಸರ್, ಆದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರಾ" ಅಂದ. ಆ ಮಾತು ನಂಗೆ ಆಗ ಬಿಸಿನೆಸ್ ಮಾತು ಅನ್ನಿಸ್ತು, ಆದ್ರೆ ಅವನು ಹೇಳಿದ್ದು ಸುಳ್ಳಲ್ಲ, ನಾಲ್ಕು ಸೆಲ್ಲಿಗೂ ಒಂದೇ ವಯಸ್ಸು, ಒಂದು ಹೋದ್ರೆ ಉಳಿದವೂ ಹಿಂದೆನೇ ಹೊರಟಿರ್ತವೆ. ಅಡ್ವಾನ್ಸ್ ಕಟ್ಟದೆ ಎಸ್ಟಿಮೇಟ್ ಕಾಪಿ ಮಾತ್ರ ಇಸ್ಕೊಂಡು ಬಂದೆ. ನೀವೂ ಆ ಕಾಪಿ ಇಸ್ಕೊಳ್ಳಿ, ಅದರಲ್ಲಿ ಪಾರ್ಟ್ ನಂಬರ್ ಇರುತ್ತೆ, ಹೊರಗಡೆ ಹುಡುಕೋಕೆ ಅದೇ ಆಧಾರ.

ಮಂಡ್ಯದಲ್ಲಿ ಆಫೀಸ್ ಹತ್ರ ಒಬ್ಬ ಮೆಕ್ಯಾನಿಕ್ ಇದಾರೆ, ಇಂಜಿನ್ ಕೆಲ್ಸದಲ್ಲಿ ಕೈ ಚೆನ್ನಾಗಿದೆ, ಅವ್ರತ್ರ ಕೇಳಿದೆ. "ಅಯ್ಯೋ ಬುಡಿ ಸಾರ್, ಇದ್ಕೆಲ್ಲಾ ಯಾಕ್ ತಲೆ ಕೆಡುಸ್ಕತೀರಿ, ಆ ಸೆನ್ಸರ್ ವೈರ್ ಕಿತ್ತಾಕ್ಬುಡನ, ಲೈಟೇ ಬರಕಿಲ್ಲ" ಅಂದ್ರು. ತಿರುಗೋ ಚಕ್ರಕ್ಕೆ ವೈರ್ ಎಲ್ಲಿಂದ ಬರುತ್ತಣ್ಣ ಅಂದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ "ಅದೂ ದಿಟವೇ ಕನಿ" ಅಂತ ನಕ್ಕು, ಡ್ರಾಯರಲ್ಲಿ ಬಿದ್ದಿದ್ದ ಯಾವ್ದೋ ಗಾಡಿಯ ಸತ್ತ ಸೆನ್ಸರ್ ಒಂದನ್ನ ಕೈಗೆ ಕೊಟ್ರು. "ಸೆಲ್ ತಾನೆ ಓಗಿರದು, ಆ ಮೊಬೈಲ್ ರಿಪೇರಿ ಹೈದುನ್ ತಾವ ಹಾಕುಸ್ಕಳಿ, ಇನ್ನೂರ್ ರೂಪಾಯ್ಗೆ ಮುಗ್ದೋಯ್ತದೆ."

ಹೋದೆ, ಸುಮ್ನೆ ನೋಡೋಣ ಅಂತ. ಆ ಹುಡುಗ ಬ್ಲೇಡಲ್ಲಿ ಮುಚ್ಚಳ ಎಬ್ಬಿದ, ಒಳಗಡೆ ಪೂರ್ತಿ ಮೆತ್ತನೆ ಸಿಲಿಕಾನ್ ತುಂಬಿದಾರೆ, ನೀರು ಹೋಗ್ದಿರ್ಲಿ ಅಂತ. ಅದನ್ನ ಚಿಮಟದಲ್ಲಿ ತುಣುಕು ತುಣುಕಾಗಿ ಕೀಳ್ತಾ ಹೋದ್ರೆ ತಳದಲ್ಲಿ ಸೆಲ್ಲು, ಅದು ಕ್ಲಿಪ್ಪಲ್ಲಿ ಕೂತಿಲ್ಲ, ಎರಡು ಕಡೆ ತಗಡಿನ ಪಟ್ಟಿ ವೆಲ್ಡ್ ಮಾಡಿ ಬೋರ್ಡಿಗೆ ಬೆಸುಗೆ ಹಾಕಿದಾರೆ. ಪಟ್ಟಿ ಎಳೆದಾಗ ಬೋರ್ಡಿನ ತಾಮ್ರದ ಗೆರೆನೂ ಜೊತೆಗೇ ಎದ್ದು ಬಂತು, ಹುಡುಗ "ಇದು ಹೋಯ್ತಣ್ಣ" ಅಂತ ಪಕ್ಕಕ್ಕಿಟ್ಟ. ಕೈ ಪಳಗಿದೋರು ಮಾಡಬಹುದು ಇಲ್ಲ ಅನ್ನಲ್ಲ, ಆದ್ರೆ ಮತ್ತೆ ಸೀಲ್ ಸರಿಯಾಗಿ ಆಗ್ಬೇಕು, ಟೈರ್ ಒಳಗಿನ ಬಿಸಿ ತಡೀಬೇಕು, ನೂರರ ಸ್ಪೀಡಲ್ಲಿ ತಿರುಗುವಾಗ ಸೆಲ್ಲು ಅಲ್ಲಾಡಬಾರ್ದು. ಹಾಳಾದ್ರೆ ಮತ್ತೆ ಟೈರ್ ಬಿಚ್ಚಬೇಕು. ನನ್ ಲೆಕ್ಕದಲ್ಲಿ ಇದು ಉಳಿತಾಯ ಅಲ್ಲ.

ಇನ್ನೊಂದು ದಾರಿ, ವಾಲ್ವ್ ಕ್ಯಾಪ್ ಜಾಗದಲ್ಲಿ ತಿರುಗ್ಸಿ ಹಾಕೋ ಸೆನ್ಸರ್‌ಗಳು. ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಡಿಸ್ಪ್ಲೇ ಬರುತ್ತೆ, ಎರಡು ಎರಡೂವರೆ ಸಾವಿರಕ್ಕೆ ನಾಲ್ಕೂ ಸಿಗುತ್ತೆ, ಸೆಲ್ ನಾವೇ ಬದಲಾಯಿಸ್ಕೋಬೋದು. ಗಾಡಿಯಲ್ಲಿ ಕಂಪನಿ ಸಿಸ್ಟಮ್ ಇಲ್ದೇ ಇರೋರಿಗೆ ಚೆನ್ನಾಗೇ ಇದೆ, ನಮ್ ಕಲೀಗ್ ಒಬ್ಬರು ಹಾಕ್ಸಿದಾರೆ. ಆದ್ರೆ ನಮ್ ಥರದ ಗಾಡಿಗೆ ಅದು ಹಾಕಿದ್ರೆ ಮೀಟರಿನ ಲೈಟು ಆರಲ್ಲ, ಎರಡಕ್ಕೂ ಸಂಬಂಧನೇ ಇಲ್ಲ. ರಬ್ಬರ್ ವಾಲ್ವ್ ಇದ್ರೆ ಆ ಭಾರಕ್ಕೆ ಬುಡ ಬಿರುಕು ಬಿಡೋ ಭಯ ಬೇರೆ, ಗಾಳಿ ಹಾಕಿಸೋವಾಗೆಲ್ಲ ಬಿಚ್ಚಿ ಹಾಕೋ ತಾಪತ್ರಯ, ರೋಡಲ್ಲಿ ನಿಲ್ಲಿಸಿದ್ರೆ ಕಳ್ಳರ ಕಾಟ. ಅದಕ್ಕೆ ಬೇಡ ಅಂದೆ.

ಆಮೇಲೆ ಆನ್‌ಲೈನಲ್ಲಿ ಹುಡುಕೋಕೆ ಕೂತ್ರೆ ಒಂದು ಸೆನ್ಸರ್ ಸಾವಿರದಿಂದ ಹಿಡಿದು ಆರು ಸಾವಿರದವರೆಗೂ ಇದೆ, ಫೋಟೋದಲ್ಲಿ ಎಲ್ಲ ಒಂದೇ ಥರ. ಇಲ್ಲಿ ಎರಡು ವಿಷ್ಯ ನೋಡ್ಕೋಬೇಕು. ಒಂದು ಫ್ರೀಕ್ವೆನ್ಸಿ, ನಮ್ ಕಡೆ ಗಾಡಿಗಳಲ್ಲಿ ಸಾಮಾನ್ಯವಾಗಿ ಬರೋದು 433 ಮೆಗಾಹರ್ಟ್ಸ್, ಅಮೆರಿಕದ ಗಾಡಿಗಳಲ್ಲಿ ಎಷ್ಟೋ ಕಡೆ 315, ಅಲ್ಲಿ 2007ರಿಂದ ಹೊಸ ಗಾಡಿಗೆಲ್ಲ ಇದು ಕಡ್ಡಾಯ ಆಗಿರೋದ್ರಿಂದ ಅಲ್ಲಿನ ಮಾಲೇ ಜಾಸ್ತಿ ಕಣ್ಣಿಗೆ ಬೀಳುತ್ತೆ, ರೇಟ್ ಕಮ್ಮಿ ಅಂತ 315ರದ್ದು ತರಿಸಿದ್ರೆ ಕೆಲ್ಸಕ್ಕೆ ಬರಲ್ಲ. ಎರಡನೇದು, ನಿಮ್ ಗಾಡಿ ಮಾಡಲ್‌ಗೇ ಅಂತ ಮಾಡಿರೋ ಸೆನ್ಸರ್ ಒಂದು ಜಾತಿ, ಖಾಲಿ ಬಂದು ನಾವು ಬೇಕಾದ ಗಾಡಿಗೆ ಪ್ರೋಗ್ರಾಮ್ ಮಾಡ್ಕೊಳೋದು ಇನ್ನೊಂದು ಜಾತಿ. ಈ ಎರಡನೇ ಜಾತಿಯದ್ರಲ್ಲಿ ಹಳೇ ಸೆನ್ಸರ್ ಐಡಿನೇ ಹೊಸದಕ್ಕೆ ಕಾಪಿ ಮಾಡಬೋದು, ಆಗ ಗಾಡಿ ಕಂಪ್ಯೂಟರಿಗೆ ಸೆನ್ಸರ್ ಬದಲಾಗಿದೆ ಅಂತಲೇ ಗೊತ್ತಾಗಲ್ಲ, ಕಂಪನಿ ಸರ್ವೀಸಿಗೆ ಹೋಗೋ ಅಗತ್ಯನೂ ಬೀಳಲ್ಲ. ಆದ್ರೆ ಅದಕ್ಕೊಂದು ಟೂಲ್ ಬೇಕು, ಆ ಟೂಲ್ ಇರೋರನ್ನ ಮೊದ್ಲು ಹುಡುಕಿ, ಸೆನ್ಸರ್ ಆಮೇಲೆ ತಗೊಳ್ಳಿ. ಈ ಇಡೀ ಬರಹದಲ್ಲಿ ನೆನಪಿಟ್ಕೊಳೋದು ಒಂದೇ ಇದ್ರೆ ಅದು ಇದೇ. ಅವ್ರ ಟೂಲಿಗೆ ಯಾವ ಸೆನ್ಸರ್ ಹೊಂದುತ್ತೋ ಅದನ್ನೇ ಹಾಕ್ಬೇಕು.

ವಿಕ್ರಾಂತ್ ಟೈರ್ ಫ್ಯಾಕ್ಟರಿ ಇರೋ ಊರು ನಮ್ದು, ಟೈರ್ ಅಂಗಡಿಗೇನ್ ಬರ ಇಲ್ಲ, ಆದ್ರೆ ಫೋನ್ ಮಾಡಿ "ಟಿಪಿಎಂಎಸ್ ಟೂಲ್ ಇದೆಯಾ" ಅಂದ್ರೆ ಅರ್ಧಕ್ಕರ್ಧ ಜನ "ಅಲೈನ್‌ಮೆಂಟ್ ಮಾಡ್ತೀವಿ ಸಾರ್, ಬನ್ನಿ" ಅಂತಾರೆ. ಕೊನೆಗೆ ರಿಂಗ್ ರೋಡ್ ಕಡೆ ಒಂದು ಅಂಗಡಿಯವ್ರು ಇದೆ ಅಂದ್ರು. ಹೋದಾಗ ಟೈರ್ ಬಿಚ್ಚೋ ಮಾತೇ ಇಲ್ಲ, ವಾಕಿಟಾಕಿ ಸೈಜಿನ ಟೂಲನ್ನ ವಾಲ್ವ್ ಪಕ್ಕ ಟೈರಿಗೆ ಹಿಡಿದು ಬಟನ್ ಒತ್ತಿದ್ರು, ಅದು ಸೆನ್ಸರನ್ನ ಎಬ್ಬಿಸಿ ಮಾತಾಡ್ಸುತ್ತಂತೆ. ಮುಂದಿನ ಎಡಗಡೆ ಚೆನ್ನಾಗಿದೆ, ಮುಂದಿನ ಬಲಗಡೆ ಬ್ಯಾಟರಿ ಲೋ, ಹಿಂದಿನವೆರಡೂ ಉತ್ತರನೇ ಕೊಡ್ಲಿಲ್ಲ. ಇದಕ್ಕೆ 200 ರೂಪಾಯಿ, ಕೆಲ್ಸ ಅಲ್ಲೇ ಮಾಡಿಸಿದ್ರೆ ಬಿಲ್ಲಲ್ಲಿ ಕಳೀತೀವಿ ಅಂದ್ರು. ಪ್ರೋಗ್ರಾಮ್ ಮಾಡೋ ಸೆನ್ಸರ್ ಅವ್ರತ್ರನೇ ಇತ್ತು, ಒಂದಕ್ಕೆ 1,650, ಪ್ರೋಗ್ರಾಮಿಂಗ್ ಒಂದಕ್ಕೆ 200.

ಹಾಕ್ಸೇಬಿಡೋಣ ಅನ್ನುವಷ್ಟರಲ್ಲಿ ಅಂಗಡಿ ಯಜಮಾನ್ರು ಟೈರ್ ಪಕ್ಕದ ಗೋಡೆ ಸವರಿ, ಡಿಒಟಿ ಅಂತ ಇರೋ ಕಡೆ ಕೊನೆಯ ನಾಲ್ಕು ಅಂಕಿ ತೋರಿಸಿದ್ರು, 2318. ಅಂದ್ರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು. "ಗ್ರಿಪ್ ಇನ್ನೂ ಇದೆ ಸಾರ್, ಆದ್ರೆ ರಬ್ಬರ್ ಸೀಳು ಬಿಡ್ತಾ ಇದೆ ನೋಡಿ. ಹೆಂಗೂ ಟೈರ್ ಬದಲಾಯಿಸೋದಿದ್ರೆ ಅವತ್ತೇ ಸೆನ್ಸರ್ ಹಾಕ್ಸಿ, ಬಿಚ್ಚಿ ಹಾಕೋ ಕೂಲಿ, ಬ್ಯಾಲೆನ್ಸಿಂಗ್ ಎಲ್ಲ ಟೈರ್ ಜೊತೆಗೇ ಹೋಗುತ್ತೆ." ವ್ಯಾಪಾರ ಬಿಡೋ ಮಾತು ಹೇಳಿದ್ರಲ್ಲ ಅಂತ ಖುಷಿಯಾಯ್ತು, ಅಥವಾ ಟೈರ್ ವ್ಯಾಪಾರ ಕುದುರಿಸೋ ಜಾಣತನವೂ ಇರ್ಬೋದು, ಎರಡೂ ಒಂದೇ ಮಾತಲ್ಲಿ. ಸಂಬಳ ಬರೋವರೆಗೂ ತಡೆದೆ. ಅಲ್ಲೀವರೆಗೂ ಮುನ್ನೂರು ರೂಪಾಯಿಯ ಒಂದು ಗೇಜ್ ತಗೊಂಡು ಬೆಳಿಗ್ಗೆ ಗಾಡಿ ಹೊರಡೋ ಮುಂಚೆ ತಣ್ಣಗಿರೋವಾಗಲೇ ನೋಡ್ಕೊಳ್ತಿದ್ದೆ. ಐದಾರು ಡಿಗ್ರಿ ಬಿಸಿ ವ್ಯತ್ಯಾಸಕ್ಕೆ ಒಂದು ಪಿಎಸ್‌ಐ ಏರಿಳಿತ ಆಗುತ್ತೆ, ಹೈವೇಯಲ್ಲಿ ಓಡಿಸಿ ಬಂದು ಬಿಸಿ ಟೈರಿಗೆ 33 ಹಾಕ್ಸಿದ್ರೆ ಬೆಳಿಗ್ಗೆಗೆ ಕಮ್ಮಿನೇ ಇರುತ್ತೆ.

ಕೆಲ್ಸದ ದಿನ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಟೈರ್ ಬಿಚ್ಚೋ ಮೆಷಿನ್ನಿನ ಹುಡುಗನಿಗೆ ಒಳಗೆ ಸೆನ್ಸರ್ ಇದೆ ಅಂತ ನೀವೇ ಬಾಯ್ಬಿಟ್ಟು ಹೇಳಿ, ಅಂಚನ್ನ ಒತ್ತಿ ಬಿಡಿಸೋ ತಗಡು ವಾಲ್ವ್ ಕಡೆಗೇ ಬಿದ್ರೆ ಡಬ್ಬಿ ಪುಡಿ, ವಾಲ್ವಿನ ಎದುರು ದಿಕ್ಕಿಂದ ಶುರು ಮಾಡ್ಬೇಕು. ಮೂರು ಸಲೀಸಾಗಿ ಬಂತು. ಹಿಂದಿನ ಎಡಗಡೇದು ಅಲ್ಯುಮಿನಿಯಂ ವಾಲ್ವು, ನಟ್ ಹತ್ರ ಬಿಳಿ ಪುಡಿ ಹಿಡಿದು ಕಚ್ಕೊಂಡಿತ್ತು, ಎಣ್ಣೆ ಬಿಟ್ಟು ಕಾದು ತಿರುಗ್ಸಿದ್ರೂ ನಟ್ ಬರ್ದೆ ವಾಲ್ವೇ ಮುರಿದು ಕೈಗೆ ಬಂತು. ಹೇಗೂ ಎಸೆಯೋ ಸೆನ್ಸರ್ ಆದ್ರಿಂದ ನಷ್ಟ ಇಲ್ಲ, ಆದ್ರೆ ಸೆನ್ಸರ್ ಉಳಿಸ್ಕೊಂಡು ವಾಲ್ವ್ ಮಾತ್ರ ಬದಲಾಯಿಸೋಣ ಅಂತ ಹೋದೋರಿಗೆ ಇಲ್ಲೇ ಗ್ರಹಚಾರ. ಒಳಗಿನ ಪಿನ್ನೂ ಮಾಮೂಲಿ ಹಿತ್ತಾಳೇದು ಹಾಕ್ಬಾರ್ದು, ಇಂಥ ವಾಲ್ವಿಗೆ ನಿಕ್ಕಲ್ ಲೇಪದ್ದೇ ಬೇಕು, ಇಲ್ದಿದ್ರೆ ಹಿಂಗೇ ಕಚ್ಕೊಳುತ್ತೆ.

ಮುಂದಿನವೆರಡರ ಐಡಿ ಟೂಲೇ ಓದಿ ಹೊಸದಕ್ಕೆ ಕಾಪಿ ಮಾಡ್ತು. ಹಿಂದಿನವು ಸತ್ತಿರೋದ್ರಿಂದ ಡಬ್ಬಿ ಮೇಲೆ ಅಚ್ಚಾಗಿರೋ ನಂಬರನ್ನೇ ಕೈಯಲ್ಲಿ ಟೈಪ್ ಮಾಡ್ಬೇಕು. ಎಂಟು ಅಕ್ಷರ, ಅಂಕಿ ಜೊತೆ ಎ ಇಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರ ಬೆರೆತಿರುತ್ತೆ, ಏಳು ವರ್ಷದ ರಬ್ಬರ್ ಧೂಳಲ್ಲಿ ಸವೆದು ಬಿ ಯಾವ್ದು 8 ಯಾವ್ದು ಗೊತ್ತಾಗಲ್ಲ. ಹುಡುಗ ಎಂಜಲು ಹಚ್ಚಿ ಹೆಬ್ಬೆರಳಲ್ಲಿ ಉಜ್ಜಿ, ಮೊಬೈಲ್ ಟಾರ್ಚ್ ಬಿಟ್ಟು ಎರಡೂದರದ್ದೂ ಫೋಟೋ ತೆಗೆದು, ದೊಡ್ಡದು ಮಾಡಿ ಟೈಪ್ ಮಾಡಿದ. ಹೊಸ ಟೈರ್ ಕೂತ್ವು, ಬ್ಯಾಲೆನ್ಸಿಂಗ್ ಆಯ್ತು.

"ಒಂದ್ ಕಾಲು ಗಂಟೆ ಓಡ್ಸಿ ಸಾರ್, ಲೈಟ್ ಹೋಗುತ್ತೆ" ಅಂದ್ರು. ಕೊಲಂಬಿಯಾ ಏಷ್ಯಾ ಸರ್ಕಲ್ ದಾಟಿ ಸಿದ್ಧಲಿಂಗಪುರದ ಹೊತ್ತಿಗೆ ಮುಂದಿನವೆರಡೂ ನಂಬರ್ ಬಂತು, ಹಿಂದಿನ ಎಡಗಡೇನೂ ಬಂತು, ನಾನು ಖುಷಿಯಲ್ಲಿ ಮನೆಗೆ ಫೋನ್ ಮಾಡಿದ್ದೂ ಆಯ್ತು. ಬಲಗಡೆ ಮಾತ್ರ ಅಡ್ಡಗೆರೆ. ನಗುವನಹಳ್ಳಿ ಗೇಟ್‌ವರೆಗೂ ಹೋದ್ರೂ ಅಡ್ಡಗೆರೆನೇ, ಲೈಟ್ ಮತ್ತೆ ಮಿಣುಕೋಕೆ ಶುರು. ಅದಕ್ಕಿಂತ ವಿಚಿತ್ರ ಅಂದ್ರೆ ಹಿಂದಿನ ಎಡಗಡೇದು ಒಂದ್ಸಲ 33, ಸ್ವಲ್ಪ ಹೊತ್ತಿಗೆ 36, ಮತ್ತೆ 33. ಏಳೂವರೆ ಸಾವಿರ ನೀರಿಗೆ ಹೋಯ್ತು ಅಂತ ಹೊಟ್ಟೆ ಉರಿದೋಯ್ತು, ಹೊಸ ಟೈರ್ ಮತ್ತೆ ಬಿಚ್ಚಿಸ್ಬೇಕಲ್ಲ ಅಂತ ಬೇರೆ.

ವಾಪಸ್ ಹೋಗಿ ಹಿಂಗೆ ಅಂತ ಹೇಳಿದ್ರೆ ಯಜಮಾನ್ರು ಟೂಲ್ ತಗೊಂಡು ಹಿಂದಿನವೆರಡನ್ನೂ ಓದಿದ್ರು, ಎರಡೂ ಟೈರಿಂದ ಒಂದೇ ಐಡಿ ಬಂತು. ಹುಡುಗ ಎರಡು ಸಲಾನೂ ಒಂದೇ ಫೋಟೋ ನೋಡ್ಕೊಂಡು ಟೈಪ್ ಮಾಡಿದಾನೆ. ಎಡಗಡೆ ಹೆಸರಲ್ಲೇ ಇಬ್ರೂ ಕೂಗ್ತಿದ್ರು, ಎಡಗಡೆ ಟೈರಲ್ಲಿ 33 ಇತ್ತು, ಬಲಗಡೇಲಿ 36 ಹೊಡೆದಿದ್ದ, ಮೀಟರ್ ಅದಕ್ಕೇ ಕುಣೀತಿತ್ತು. ಪುಣ್ಯಕ್ಕೆ ಈ ಜಾತಿ ಸೆನ್ಸರ್‌ಗೆ ಟೈರ್ ಬಿಚ್ಚದೆ ಹೊರಗಿಂದಲೇ ಮತ್ತೆ ಪ್ರೋಗ್ರಾಮ್ ಮಾಡಬೋದು. ಇನ್ನೊಂದು ಫೋಟೋದಲ್ಲಿದ್ದ ನಂಬರ್ ಹಾಕಿ, ಟೂಲ್ ವಾಲ್ವ್ ಪಕ್ಕ ಹಿಡಿದು ಕೂತ್ರು, ಟೀ ಬಂದು ಕುಡಿಯೋದ್ರೊಳಗೆ ಮುಗೀತು. ದುಡ್ಡು ಕೇಳ್ಲಿಲ್ಲ. ಹುಡುಗನಿಗೆ ಬೈಯೋಕೆ ಹೋದ್ರು, ನಾನೇ ಬಿಡಿ ಅಂದೆ, ಆ ಸವೆದ ನಂಬರ್ ನೋಡಿದ್ರೆ ಯಾರ ಕಣ್ಣಾದ್ರೂ ತಪ್ಪುತ್ತೆ. ನಿಮಗೆ ಮಾಡಿಸೋವಾಗ ಅಂಗಡಿ ಬಿಡೋ ಮುಂಚೆಯೇ ನಾಲ್ಕು ಟೈರಿನ ಐಡಿನೂ ಟೂಲಲ್ಲಿ ಮತ್ತೊಂದ್ಸಲ ಓದಿಸಿ, ನಾಲ್ಕೂ ಬೇರೆ ಬೇರೆ ಇರ್ಬೇಕು.

ಎರಡನೇ ಸಲ ಓಡಿಸ್ದಾಗ ಮೇಟಗಳ್ಳಿ ಕಡೆ ತಿರುಗೋ ಹೊತ್ತಿಗೇ ಲೈಟ್ ಆರಿತು, ಆಮೇಲಿಂದ ಬಂದಿಲ್ಲ.

ದುಡ್ಡಿನ ಲೆಕ್ಕ: ಸೆನ್ಸರ್ ನಾಲ್ಕಕ್ಕೆ 6,600, ಪ್ರೋಗ್ರಾಮಿಂಗ್ 800, ಒಟ್ಟು 7,400, ಮೊದ್ಲು ಕೊಟ್ಟಿದ್ದ 200 ಅದರಲ್ಲೇ ಹಿಡ್ಕೊಂಡ್ರು. ಟೈರ್ ದುಡ್ಡು ಬೇರೆ, ಅದು ಹೇಗೂ ಬರ್ತಿದ್ದ ಖರ್ಚು. ಟೈರ್ ಹೊಸದೇ ಇದ್ದು ಬರೀ ಸೆನ್ಸರಿಗೋಸ್ಕರ ಬಿಚ್ಚಿಸೋದಾದ್ರೆ ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡೋಕೆ ಒಂದು ಚಕ್ರಕ್ಕೆ ಮುನ್ನೂರು ಅಂದಿದ್ರು, ಆಗ್ಲೂ ಒಂಬತ್ತು ಸಾವಿರ ದಾಟಲ್ಲ. ಬಿಲ್ಲಲ್ಲಿ ಸೆನ್ಸರ್ ಕಂಪನಿ ಹೆಸರು, ವಾರಂಟಿ ಎಷ್ಟು ಅಂತ ಬರೆಸ್ಕೊಳ್ಳಿ, ನಾಲ್ಕು ಐಡಿದೂ ಒಂದು ಫೋಟೋ ಇಟ್ಕೊಳ್ಳಿ.

ಚಿಕ್ಕ ಪುಟ್ಟ ವಿಷ್ಯ ಕೆಲವು ಉಳಿದಿವೆ. ನಮ್ ಗಾಡಿ ಸ್ಟೆಪ್ನಿಯಲ್ಲಿ ಸೆನ್ಸರ್ ಇಲ್ಲ, ಪಂಕ್ಚರ್ ಆಗಿ ಸ್ಟೆಪ್ನಿ ಹಾಕ್ಕೊಂಡಾಗ ಲೈಟ್ ಮಿಣುಕಿದ್ರೆ ಗಾಬರಿ ಬೀಳ್ಬೇಡಿ. ಸ್ಟೆಪ್ನಿನೇ ಕೊಡದ ಗಾಡಿಗಳೂ ಈಗ ಬರ್ತಿವೆ, 2020ರಲ್ಲಿ ರೂಲ್ಸ್ ಬದಲಾಯಿಸಿ ಈ ಸಿಸ್ಟಮ್ಮೂ ರಿಪೇರಿ ಕಿಟ್ಟೂ ಇದ್ರೆ ಸ್ಟೆಪ್ನಿ ಬೇಡ ಅಂತ ಮಾಡಿದಾರೆ, ಅಂಥ ಗಾಡಿ ಇರೋರು ಸೆನ್ಸರ್ ಹೋಗಿದ್ರೆ ಸ್ಟಿಕ್ಕರ್ ಅಂಟಿಸೋ ಯೋಚ್ನೆ ಮಾಡ್ಬೇಡಿ. ಆ ಕಿಟ್ಟಲ್ಲಿ ಬರೋ ಪಂಕ್ಚರ್ ದ್ರವ ಟೈರಿಗೆ ಬಿಟ್ರೆ ಸೆನ್ಸರಿನ ಚಿಕ್ಕ ತೂತು ಕಟ್ಕೊಳೋ ಸಾಧ್ಯತೆ ಇದೆ, ಪಂಕ್ಚರ್ ಹಾಕುವಾಗ ಒರೆಸಿ ತೊಳೆಯೋಕೆ ಹೇಳಿ. ಟೈರ್ ಹಿಂದು ಮುಂದು ಮಾಡಿಸಿದ್ರೆ ಮೀಟರಲ್ಲಿ ಜಾಗ ಅದಲು ಬದಲು ಆಗ್ಬೋದು, ಯಾವ್ದಾದ್ರೂ ಒಂದು ಟೈರಲ್ಲಿ ಮೂರು ಪಿಎಸ್‌ಐ ಗಾಳಿ ಬಿಟ್ಟು ಸ್ವಲ್ಪ ದೂರ ಓಡ್ಸಿದ್ರೆ ಯಾವ ಜಾಗದ ನಂಬರ್ ಇಳೀತು ಅಂತ ಗೊತ್ತಾಗುತ್ತೆ, ಜಾಗ ತಪ್ಪಿದ್ರೆ ಆ ಟೂಲ್ ಇರೋ ಅಂಗಡಿಯಲ್ಲೇ ಸರಿ ಮಾಡಿಸ್ಬೋದು.